ಪೇಟಿ ಯಾರಿಗೂ ಕೊಡಬೇಡ, ಅವ್ವಾ

ಲೆಸ್ಟರ್, ಇಂಗ್ಲೆಂಡ್
20 ಜುಲೈ 2025, ಆಯಿತವಾರ

ಪ್ರೀತಿಯ ಅವ್ವನಿಗೆ,

ನಿನ್ನ ದೊಡ್ಡ ಮಗಳು ಮಾಡುವ ನಮಸ್ಕಾರ. ನಾವು ನಾಲ್ಕೂ ಮಂದಿ ಇಲ್ಲಿ ಆರಾಮ ಇದ್ದೇವೆ. ನೀನು ಬಲಗಣ್ಣಿನ ಪೊರೆ ತೆಗೆಸಿಕೊಂಡು ಇನ್ನೂ ಹದಿನೈದು ದಿನ ಆಗಿಲ್ಲ. ಅದಕ್ಕೆ ಈ ಕಾಗದ ನೀನು ಓದಬೇಡ, ತಂಗಿ ಓದಿ ಹೇಳಲಿ. ಅವಳು ಆಫೀಸಿನಿಂದ ಬಂದು, ಚಹಾ ಕುಡಿದು, ಅವಸರ ಇಲ್ಲದಾಗ ಓದಲಿ. ಹನಿ ಔಷಧ ತಪ್ಪಿಸಬೇಡ. ಒಲೆಯ ಮುಂದೆ ಕೂಡಬೇಡ.

ದಿನಾ ವಿಡಿಯೋ ಕಾಲ್ ಮಾಡುವವಳು ಈಗ ಕಾಗದ ಯಾಕೆ ಬರೆದಳು ಅಂತ ನಿನಗೆ ಅನಿಸಬಹುದು. ಈ ಮಾತನ್ನು ಫೋನಿನಲ್ಲಿ ಎರಡು ಸಲ ತೆಗೆದೆ. ಮೊದಲನೇ ಸಲ ನೀನು "ಹಾಲು ಉಕ್ಕಾಕತ್ತೈತಿ" ಅಂತ ಎದ್ದು ಹೋದೆ. ಎರಡನೇ ಸಲ ನನಗೇ ಗಂಟಲು ಕಟ್ಟಿತು. ಕಾಗದದಲ್ಲಾದರೆ ಪೂರ್ತಿ ಹೇಳಬಹುದು ಅಂತ ಕೂತಿದ್ದೇನೆ.

ತಂಗಿ ಹೇಳಿದಳು. ಅಪ್ಪನ ಹಾರ್ಮೋನಿಯಂ ಪೇಟಿಯನ್ನು ಹಳೇ ಕೌದಿಯಲ್ಲಿ ಸುತ್ತಿ ಅಟ್ಟಕ್ಕೆ ಏರಿಸಿದ್ದೀಯಂತೆ. ಭಜನಾ ಮಂಡಳಿಯವರು ಕೇಳಿದ್ದಾರೆ, ಕೊಟ್ಟುಬಿಡೋಣ ಅಂದೆಯಂತೆ. ಒಂದು ವರ್ಷದಿಂದ ರೇಡಿಯೋ ಕೂಡ ಹಚ್ಚಿಲ್ಲವಂತೆ. ಬೆನಕನ ಅಮಾವಾಸ್ಯೆಗೆ ಅಪ್ಪ ಹೋಗಿ ವರ್ಷ ತುಂಬುತ್ತದೆ. ಅವತ್ತು ಸ್ವಾಮಿಗಳನ್ನು ಕರೆಸಿ, ನಾಲ್ಕು ಮಂದಿಗೆ ಊಟಕ್ಕೆ ಹಾಕಿ, ಸುಮ್ಮನೆ ಮುಗಿಸಿಬಿಡೋಣ ಅಂದೆಯಂತೆ. ಅಪ್ಪನ ಹೆಸರಿನ ದಿನ ಸುಮ್ಮನೆ ಮುಗಿಯುವುದು ನನ್ನಿಂದ ತಡೆದುಕೊಳ್ಳಲಿಕ್ಕೆ ಆಗುವುದಿಲ್ಲ ಅವ್ವಾ. ಅವನು ಒಂದು ಹಗಲಾದರೂ ಸುಮ್ಮನೆ ಕೂತ ಮನುಷ್ಯನೇ?

ಮೊನ್ನೆ ನಿನ್ನ ಸಣ್ಣ ಮೊಮ್ಮಗಳು, "ಅಜ್ಜ ಗಾರ್ಡ್ ಆಗಿದ್ದ ಅಂತೀಯಲ್ಲ, ಯಾರನ್ನು ಕಾಯುತ್ತಿದ್ದ?" ಅಂತ ಕೇಳಿದಳು. ಆಗ ನೆನಪಾಯಿತು ನೋಡು. 2022ರಲ್ಲಿ ರೇಲ್ವೆಯವರು ಗಾರ್ಡ್ ಅನ್ನುವ ಹೆಸರು ತೆಗೆದು ಟ್ರೇನ್ ಮ್ಯಾನೇಜರ್ ಅಂತ ಮಾಡಿದರಲ್ಲ, ಆ ದಿನ ಅಪ್ಪ ನನಗೆ ಫೋನ್ ಮಾಡಿ, "ರಿಟೈರ್ ಆಗಿ ಹನ್ನೊಂದು ವರ್ಷಕ್ಕ ನನಗ ಪ್ರಮೋಷನ್ ಬಂತವಾ! ಪೇಡೆ ಹಂಚಾಕ ಹೊಂಟೇನಿ" ಅಂದ. ಚಾಷ್ಟಿ ಅಂದುಕೊಂಡರೆ, ಖರೇನೇ ಅರ್ಧ ಕಿಲೋ ಪೇಡೆ ತಂದು ಓಣಿಗೆಲ್ಲ ಹಂಚಿದ್ದನಲ್ಲ. ಹಾಲಿನವನಿಗೂ ಎರಡು ಕೊಟ್ಟ ಅಂತ ನೀನೇ ಹೇಳಿದ್ದೆ.

ಮಗಳಿಗೆ ಗೂಡ್ಸ್ ಗಾಡಿಯ ಕಥೆ ಹೇಳಿದೆ. ಹೊಸಪೇಟೆ ಕಡೆಯ ಅದಿರು ತುಂಬಿಕೊಂಡು ಗಾಡಿ ಗೋವಾಕ್ಕೆ ಹೋಗಬೇಕಾದರೆ ಕ್ಯಾಸಲ್‌ರಾಕ್ ದಾಟಿ ಘಾಟ್ ಇಳಿಯಬೇಕು. ಕಟ್ಟಕಡೆಯ ಬ್ರೇಕ್ ವ್ಯಾನಿನಲ್ಲಿ ಅಪ್ಪ ಒಬ್ಬನೇ. ಕಾಲ ಬಳಿ ಗಾರ್ಡಿನ ಸಾಮಾನಿನ ಆ ಕರೀ ಲೈನ್ ಬಾಕ್ಸ್, ಕೈಯಲ್ಲಿ ಲಾಟೀನು, ಹೊರಗೆ ಮಳೆ. ಯಾರಿಗೂ ಕೇಳಿಸುವುದಿಲ್ಲ ಅಂತ ಬಾಯಿ ಬಿಟ್ಟು ಹಾಡುತ್ತಿದ್ದ. "ನನ್ನ ಹಾಡು ಕೇಳಿ ಎದ್ದು ಹೋಗದಾಕಿ ಅಂದ್ರ ದೂಧ್‌ಸಾಗರ ಒಬ್ಬಾಕಿನ" ಅಂತಿದ್ದ. ಮೊದಲಿನ ಹಳಿಗಳಿಗೆ ತುಂಡು ತುಂಡಿಗೆ ಜೋಡು ಇರುತ್ತಿತ್ತು. ಜೋಡಿನ ಮೇಲೆ ಗಾಲಿ ಹಾಯ್ದಾಗಲೆಲ್ಲ ಬೀಳುವ ಪೆಟ್ಟೇ ಅವನಿಗೆ ತಬಲಾ. ಮುಂದೆ ಹಳಿಗಳನ್ನು ಬೆಸೆದು ಉದ್ದ ಮಾಡಿದರು, ಸಪ್ಪಳ ಕಡಿಮೆ ಆಯಿತು. ಆಗ ಮನೆಗೆ ಬಂದು ಟೋಪಿ ತೆಗೆದಿಡುತ್ತಾ ಏನು ಅಂದ ನೆನಪಿದೆಯಾ? "ಮಂದಿಗೆ ಸುಖ ಆತು. ಆದ್ರ ನನ್ನ ತಬಲಜಿ ನೌಕರಿ ಬಿಟ್ಟು ಹ್ವಾದ."

ಅವನ ಕ್ಯಾಸೆಟ್‌ಗಳ ಮೇಲೂ ರೇಲ್ವೆಯೇ. ಒಂದು ಮಗ್ಗುಲಿಗೆ "ಅಪ್", ಇನ್ನೊಂದು ಮಗ್ಗುಲಿಗೆ "ಡೌನ್" ಅಂತ ರಿಜಿಸ್ಟರ್ ಅಕ್ಷರದಲ್ಲಿ ಬರೆದಿರುತ್ತಿದ್ದ. ಭೀಮಸೇನ ಜೋಶಿಯವರ ಮಾರವಾ ಅಪ್, ಪೂರಿಯಾ ಡೌನ್. ನಾನು ಎಂಟನೆತ್ತೆಯವರೆಗೆ ರಾಗಗಳಲ್ಲಿ ಕೆಲವು ಬೆಂಗಳೂರು ಕಡೆ ಹೋಗುತ್ತವೆ, ಕೆಲವು ಪುಣೆ ಕಡೆ ಹೋಗುತ್ತವೆ ಅಂತಲೇ ತಿಳಿದಿದ್ದೆ.

ಹಿಂದೂಸ್ತಾನಿ ಗಾಯಕ ಅಬ್ದುಲ್ ಕರೀಂ ಖಾನ್ ಸಾಹೇಬರ ಕಥೆಯನ್ನಂತೂ ಅವನು ಎಷ್ಟು ಸಲ ಹೇಳಿದನೋ. 1937ರಲ್ಲಿ ಪಾಂಡಿಚೇರಿಗೆ ರೈಲಿನಲ್ಲಿ ಹೊರಟಿದ್ದರು, ದಾರಿಯಲ್ಲಿ ಎದೆನೋವು ಬಂತು, ಸಿಂಗಪೆರುಮಾಳ್ ಕೋಯಿಲ್ ಅನ್ನುವ ಸಣ್ಣ ಸ್ಟೇಷನ್ನಿನಲ್ಲಿ ಇಳಿದರು. ಪ್ಲಾಟ್‌ಫಾರ್ಮಿನ ಮೇಲೇ ಹಾಸಿಸಿಕೊಂಡು ಕೂತು, ತಂಬೂರಿ ಸೇರಿಸಿ, ದರ್ಬಾರಿ ರಾಗದಲ್ಲಿ ದೇವರನ್ನು ನೆನೆದು ಹಾಡುತ್ತಾ ಅಲ್ಲೇ ಪ್ರಾಣ ಬಿಟ್ಟರು. ಇಷ್ಟು ಹೇಳಿ ಅಪ್ಪ ಸ್ವಲ್ಪ ಹೊತ್ತು ತಡೆಯುತ್ತಿದ್ದ. ಆಮೇಲೆ, "ಅವತ್ತ ಅಲ್ಲಿ ಡ್ಯೂಟಿ ಮ್ಯಾಗಿದ್ದ ಸ್ಟೇಷನ್ ಮಾಸ್ತರನ ಪುಣ್ಯ ಎಂಥಾದ್ದು ನೋಡ್ರಿ" ಅನ್ನುತ್ತಿದ್ದ. ನಾವು ಮಕ್ಕಳು ಪ್ಲಾಟ್‌ಫಾರ್ಮಿನ ಮೇಲೆ ಶೇಂಗಾ ಸಿಪ್ಪೆ ಚೆಲ್ಲಿದರೆ ಅವನಿಗೆ ಖರೇನೇ ಸಿಟ್ಟು ಬರುತ್ತಿತ್ತು. ಅವನಿಗೆ ಅದು ಗುಡಿಯ ಅಂಗಳ.

ಅದೇ ಖಾನ್ ಸಾಹೇಬರು ಬಂದು ಇಳಿದುಕೊಳ್ಳುತ್ತಿದ್ದ ಕುಂದಗೋಳದ ನಾಡಗೀರ ವಾಡೆಗೆ ನಮ್ಮನ್ನೆಲ್ಲ ಕಟ್ಟಿಕೊಂಡು ಹೋಗುತ್ತಿದ್ದನಲ್ಲ, ಆ ರಾತ್ರಿಗಳನ್ನು ನಿನಗೆ ನೆನಪು ಮಾಡಿಕೊಡಬೇಕು ಅಂತಲೇ ಮುಖ್ಯವಾಗಿ ಈ ಕಾಗದ. ಖಾನ್ ಸಾಹೇಬರ ಶಿಷ್ಯ ಸವಾಯಿ ಗಂಧರ್ವರ ಪುಣ್ಯತಿಥಿಯ ಸಂಗೀತ. ಸಂಜೆಯ ಪ್ಯಾಸೆಂಜರ್ ಗಾಡಿ. ನಿನ್ನ ಕೈಯಲ್ಲಿ ಕಡಕ್ ರೊಟ್ಟಿ, ಎಣಗಾಯಿ, ಶೇಂಗಾ ಹಿಂಡಿಯ ಗಂಟು. ಅಪ್ಪನ ಹೆಗಲ ಮೇಲೆ ಜಮಖಾನೆ. ತಂಗಿಗೆ ಐದೋ ಆರೋ ವರ್ಷ. "ಮಕ್ಕಳು ರಾತ್ರಿಯೆಲ್ಲಾ ನಿದ್ದಿಗೆಡತಾವು" ಅಂತ ನೀನು ಪ್ರತಿ ವರ್ಷ ಬೈಯುತ್ತಿದ್ದೆ. "ನಿದ್ದಿ ನಾಳೆನೂ ಬರತೈತಿ, ಗಂಗಜ್ಜಿ ನಾಳೆ ಬರೂದಿಲ್ಲ" ಅಂತ ಅಪ್ಪ. ಗಾಯಕಿ ಗಂಗೂಬಾಯಿ ಹಾನಗಲ್ ಅವರು ಅವನಿಗೆ ಗಂಗಜ್ಜಿ.

ಮರದ ಕಂಬಗಳ ನಡುವೆ ಮಂದಿ ಒತ್ತೊತ್ತಿ ಕೂತಿರುತ್ತಿದ್ದರು. ಹೊಲದಿಂದ ಎದ್ದು ಬಂದವರು, ಮಾಸ್ತರರು, ಕಂಬಳಿ ಹೊದ್ದ ಮುದುಕರು. ಟಿಕೇಟು ಇಲ್ಲ, ಕುರ್ಚಿ ಇಲ್ಲ. ನಾನು ಅಪ್ಪನ ತೊಡೆಯ ಮೇಲೆ ತಲೆ ಇಟ್ಟು ಅರೆನಿದ್ದೆಯಲ್ಲಿ ಇರುತ್ತಿದ್ದೆ. ಅವನ ಬೆರಳು ನನ್ನ ಬೆನ್ನಿನ ಮೇಲೆ ಮಾತ್ರೆ ಎಣಿಸುತ್ತಿತ್ತು. ವಿಲಂಬಿತ ಏಕತಾಲದ ಹನ್ನೆರಡು ಮಾತ್ರೆ ಅಂದರೆ ಮಕ್ಕಳಿಗೆ ಮುಗಿಯದ ದಾರಿ. ಬೆರಳು ಮೆಲ್ಲಗೆ ಮೆಲ್ಲಗೆ ನಡೆದು ನಡೆದು, ತಾಳ ಸುತ್ತಿ ಬಂದು ಸೇರುವ ಮೊದಲ ಮಾತ್ರೆ, ಸಮ್, ಬಂದ ಕೂಡಲೇ ಅಂಗೈ ಪೂರ್ತಿಯಾಗಿ ಬೆನ್ನಿಗೆ ಒತ್ತುತ್ತಿತ್ತು. ಒಂದು ಸಲ ನಿದ್ದೆಗಣ್ಣಿನಲ್ಲಿ ನಾನು, "ಗಂಡಸು ಹಾಡಾಕತ್ತಾನೇನಪಾ?" ಅಂದೆ. ಅಪ್ಪ ನನ್ನನ್ನು ಎಬ್ಬಿಸಿ ಕೂಡಿಸಿದ. "ಕಣ್ಣ ತಗದು ನೋಡು. ಗಂಗಜ್ಜಿ ಅಕಿ. ನಾವು ಬಂದ ಇದ ಹಾದಿಲೇ ಹುಬ್ಬಳ್ಳಿಯಿಂದ ರೈಲಿಗೆ ಬಂದು ಗುರುಗಳ ಹತ್ರ ಕಲತಾಕಿ" ಅಂದ. ಬಿಳೀ ಕೂದಲಿನ, ಸಣ್ಣ ಜೀವದ ಅಜ್ಜಿ ಒಂದು ಕೈ ಕಿವಿಗೆ ಹಚ್ಚಿ ಕೂತಿದ್ದಳು. ವಾಡೆ ತುಂಬ ಅವಳ ದನಿ. ನಾನು ಮತ್ತೆ ಮಲಗಲಿಲ್ಲ.

ಬೆಳಗಿನ ಭೈರವಿ ಮುಗಿದು ಹೊರಗೆ ಬಂದರೆ ಕುಂದಗೋಳದ ಬೀದಿಯಲ್ಲಿ ಸಗಣಿ ನೀರಿನ ವಾಸನೆ, ಚಹಾದ ಅಂಗಡಿಯ ಹೊಗೆ. ಒಂದು ಹೆಗಲ ಮೇಲೆ ನಿದ್ದೆ ಹೋದ ತಂಗಿ, ಇನ್ನೊಂದು ಹೆಗಲ ಮೇಲೆ ಜಮಖಾನೆ. ಅಪ್ಪ ಸ್ಟೇಷನ್ನಿನ ತನಕ ಭೈರವಿಯನ್ನು ಬಾಯೊಳಗೇ ಗುಣುಗುಣು ಅನ್ನುತ್ತಾ ನಡೆಯುತ್ತಿದ್ದ. ನೀನು ಎರಡು ಹೆಜ್ಜೆ ಹಿಂದೆ. ನೀನೂ ಗುಣುಗುತ್ತಿದ್ದೆ. ಅದನ್ನು ನೀನು ಮರೆತಿರಬಹುದು, ನಾನು ಮರೆತಿಲ್ಲ.

ಶಾಸ್ತ್ರೀಯ ಸಂಗೀತ ಕೇಳುವವರು ಬೇರೆಯದಕ್ಕೆ ಮೂಗು ಮುರಿಯುವುದನ್ನು ಇಲ್ಲಿಯೂ ನೋಡುತ್ತೇನೆ. ಅಪ್ಪನಿಗೆ ಆ ಭೇದವೇ ಇರಲಿಲ್ಲ. ಹೋಳಿ ಬಂದರೆ ರೇಲ್ವೆ ಕಾಲನಿಯ ಹುಡುಗರಿಗಿಂತ ಮೊದಲು ಅವನೇ ಹಲಗಿ ಬೆಂಕಿಗೆ ಹಿಡಿದು ಕಾಯಿಸುತ್ತಿದ್ದ. ರಂಗಪಂಚಮಿಯ ದಿನ ಹಳೇ ಹುಬ್ಬಳ್ಳಿ ಕಡೆ ಜಗ್ಗಲಿಗೆ ಅನ್ನುವ ದೊಡ್ಡ ಚರ್ಮವಾದ್ಯದ ಹಿಂದೆ ಹೋದವನು, ಗುರುತು ಸಿಗದಷ್ಟು ಬಣ್ಣ ಬಳಿದುಕೊಂಡು ಮಧ್ಯಾಹ್ನ ಬಂದು ಬಾಗಿಲಲ್ಲಿ ನಿಂತು, "ತಾಯಿ, ಭಿಕ್ಷಾ ಹಾಕ್ರಿ" ಅಂದಿದ್ದ. ನೀನು ಖರೇನೇ ಭಿಕ್ಷುಕ ಅಂದುಕೊಂಡು ರೊಟ್ಟಿ ತಂದಿದ್ದೆ. ಆ ರೊಟ್ಟಿಯನ್ನು ಅಲ್ಲೇ ಕಟ್ಟೆಯ ಮೇಲೆ ಕೂತು ತಿಂದನಲ್ಲ! ನಮ್ಮ ಪರೀಕ್ಷೆ ಇದ್ದರೆ ಯಾರ ಕೈಕಾಲು ಹಿಡಿದಾದರೂ ಡ್ಯೂಟಿ ಬದಲಿ ಮಾಡಿಸಿಕೊಂಡು ಮನೆಯಲ್ಲಿ ಇರುತ್ತಿದ್ದ. ರಾತ್ರಿ ಹನ್ನೊಂದಕ್ಕೆ ಚುರುಮುರಿ ಸುಸಲಾ ಮಾಡಿ, ಪುಸ್ತಕದ ಪಕ್ಕ ತಾಟು ಇಟ್ಟು, ಸಪ್ಪಳ ಮಾಡದೆ ಹೋಗುತ್ತಿದ್ದ. ಅಷ್ಟು ಹೊತ್ತು ಮಾತ್ರ ನಮ್ಮ ಮನೆಯಲ್ಲಿ ಹಾಡು ಬಂದ್.

2009ರ ಜುಲೈಯಲ್ಲಿ ಗಂಗೂಬಾಯಿಯವರು ಹೋದ ದಿನ ಅಪ್ಪ ಊಟ ಮಾಡಲಿಲ್ಲ. ಅವರ ಕಣ್ಣುಗಳನ್ನು ದಾನ ಮಾಡಿದರು ಅಂತ ಗೊತ್ತಾಯಿತಲ್ಲ, ಅದೇ ವಾರ ತಾನೂ ಹೋಗಿ ನೇತ್ರದಾನದ ಫಾರ್ಮಿಗೆ ಸಹಿ ಮಾಡಿ ಬಂದ. "ಗಂಗಜ್ಜಿಗಿಂತಾ ದೊಡ್ಡ ಕಣ್ಣೇನು ನನ್ನವು?" ಅಂದ. ಕಳೆದ ವರ್ಷ ಆ ಹೊತ್ತಿನಲ್ಲಿಯೂ ನೀನು ಅದನ್ನು ನೆನಪಿಟ್ಟು ಫೋನ್ ಮಾಡಿಸಿದೆಯಲ್ಲ ಅವ್ವಾ, ನಿನ್ನ ಧೈರ್ಯಕ್ಕೆ ನಾನು ಇಲ್ಲಿಂದಲೇ ಕೈ ಮುಗಿದೆ. ಈಗ ನಿನ್ನ ಕಣ್ಣಿಗೆ ಹನಿ ಹಾಕುವಾಗಲೆಲ್ಲ, ಎಲ್ಲೋ ಒಬ್ಬರು ಅಪ್ಪನ ಕಣ್ಣಿನಿಂದ ನೋಡುತ್ತಿದ್ದಾರೆ ಅಂತ ಅಂದುಕೋ.

2018ರಲ್ಲಿ ನೀವಿಬ್ಬರೂ ಇಲ್ಲಿಗೆ ಬಂದದ್ದು ನನ್ನ ಪುಣ್ಯ. ಲೆಸ್ಟರ್ ನಾರ್ತ್‌ನಿಂದ ಲಫ್‌ಬರೋ ತನಕ ಉಗಿಬಂಡಿಯಲ್ಲಿ ಕರೆದುಕೊಂಡು ಹೋಗಿದ್ದೆನಲ್ಲ. ಎಂಟೇ ಮೈಲಿ ದಾರಿ, ಹಳೇ ಗಾಡಿಗಳನ್ನು ಊರಿನ ಮಂದಿ ಸೇರಿ ಜೀವ ಹಿಡಿದು ಉಳಿಸಿಕೊಂಡಿದ್ದಾರೆ. ನಾವೆಲ್ಲ ಎಂಜಿನ್ ನೋಡುತ್ತಿದ್ದರೆ ಅಪ್ಪ ಹಿಂದಕ್ಕೆ ಹಿಂದಕ್ಕೆ ನಡೆದು ಗಾರ್ಡಿನ ಡಬ್ಬಿಗೆ ಹೋದ. ಅಲ್ಲಿ ಅವನಷ್ಟೇ ವಯಸ್ಸಿನ ಬಿಳೀ ಮೀಸೆಯ ಗಾರ್ಡ್. ಅಪ್ಪ ಅಂಗಿಯ ಜೇಬಿನಿಂದ ತನ್ನ ಸೀಟಿ ತೆಗೆದು ಅಂಗೈ ಮೇಲೆ ಇಟ್ಟು ತೋರಿಸಿದ. ಅದನ್ನು ಹುಬ್ಬಳ್ಳಿಯಿಂದ ಯಾಕೆ ತಂದಿದ್ದನೋ ನನಗೆ ಅಲ್ಲಿಯ ತನಕ ಗೊತ್ತೇ ಇರಲಿಲ್ಲ. ಆ ಮನುಷ್ಯ ಸೀಟಿ ನೋಡಿದ, ಅಪ್ಪನ ಮುಖ ನೋಡಿದ, ತನ್ನ ಟೋಪಿ ತೆಗೆದು ಕೈ ಕುಲುಕಿದ. ಆಮೇಲೆ ತನ್ನ ಹಸಿರು ನಿಶಾನೆ ಅಪ್ಪನ ಕೈಗೆ ಕೊಟ್ಟ. ಗಾಡಿ ಬಿಡುವಾಗ ಇಬ್ಬರೂ ಬಾಗಿಲಲ್ಲಿ ಒತ್ತಿ ನಿಂತಿದ್ದರು. ಸೀಟಿ ಆ ಗಾರ್ಡಿನದು, ನಿಶಾನೆ ಅಪ್ಪನದು. ಆ ಫೋಟೋ ನನ್ನ ಅಡುಗೆಮನೆಯ ಗೋಡೆಯ ಮೇಲಿದೆ.

ಲಂಡನ್ನಿನಲ್ಲಿ ಥೇಮ್ಸ್ ದಂಡೆಯ ಬಸವಣ್ಣನವರ ಮೂರ್ತಿಯ ಮುಂದೆ ಹಾಡಿದ್ದು ನೀನೇ ನೋಡಿದ್ದೀಯ. ಚಪ್ಪಲಿ ಬಿಟ್ಟು, ಮನಸೂರ ಮಲ್ಲಿಕಾರ್ಜುನ ಬುವಾ ವಚನ ಹಾಡುತ್ತಿದ್ದ ದಾರಿಯಲ್ಲೇ ತನಗೆ ಬಂದಷ್ಟು ಹಾಡಿದ. ಮೇಲಿನ ಸ್ವರಕ್ಕೆ ದನಿ ಏರಲಿಲ್ಲ. ತಟ್ಟನೆ ನಿನ್ನ ಕಡೆ ತಿರುಗಿ, "ಅದಷ್ಟು ನೀ ಹೇಳ" ಅಂದ. ನೀನು ಸೆರಗು ಬಾಯಿಗೆ ಹಿಡಿದು, ಮಂದಿ ಇದ್ದಾರೆ ಅಂತ ನಾಚಿಕೊಂಡೆ. ಆದರೂ ಹೇಳಿದೆ. ನಾನು ಹೇಳಬೇಕಾದ ಮಾತು ಇಲ್ಲಿಗೇ ಬಂತು.

ಆ ಪೇಟಿ ಬಂದ ದಿನ ನೆನಪು ಮಾಡಿಕೋ. ಸೊಸೈಟಿಯಲ್ಲಿ ಸಾಲ ತೆಗೆದು ತಂದ ಅಂತ ನೀನು ಎಂಟು ದಿನ ಮಾತು ಬಿಟ್ಟಿದ್ದೆ. ಅಪ್ಪ ದಿನಾ ಸಂಜೆ ಪಡಸಾಲೆಯಲ್ಲಿ ಕೂತು ಒಂದೇ ವಚನದ ಒಂದೇ ಸಾಲನ್ನು ತಿರುಗಿ ಮುರುಗಿ ತಪ್ಪು ಬಾರಿಸುತ್ತಿದ್ದ. ಒಂಬತ್ತನೇ ದಿನ ನೀನು ಒಳಗೆ ರೊಟ್ಟಿ ಬಡಿಯುತ್ತಿದ್ದೆ. ಕೈ ನಿಲ್ಲಿಸದೆಯೇ, ಆ ಸಾಲು ಹೇಗಿದೆಯೋ ಹಾಗೆ, ಸ್ವರ ಎಲ್ಲೂ ಜಾರದಂತೆ ಹಾಡಿ ತೋರಿಸಿದೆ. ನಿನಗೆ ಸ್ವರದ ಹೆಸರು ಒಂದೂ ಗೊತ್ತಿರಲಿಲ್ಲ. ಅಪ್ಪ ಪೇಟಿ ನಿಲ್ಲಿಸಿ ಬಂದು ಅಡುಗೆಮನೆಯ ಬಾಗಿಲ ಚೌಕಟ್ಟು ಹಿಡಿದು ನಿಂತ. ರೊಟ್ಟಿ ಹಂಚಿನ ಮೇಲೆ ಹತ್ತಿಹೋಯಿತು. ಆಮೇಲೆ ನಮ್ಮ ಮನೆಯಲ್ಲಿ ಸೋಮವಾರ ಸಂಜೆ ಹಾಡು ತಪ್ಪಲಿಲ್ಲ. ಓಣಿಯ ಮಂದಿ "ನಿಮ್ಮ ಯಜಮಾನರ ಸಂಗೀತ" ಅನ್ನುತ್ತಿದ್ದರು. ಅಪ್ಪ ಪ್ರತಿ ಸಲ ತಿದ್ದುತ್ತಿದ್ದ: "ನಂದು ಬರೇ ಪೇಟಿ. ಹಾಡು ಅಕೀದು."

ಅವನು ಹೋದ ರಾತ್ರಿ ನಾನು ಆಸ್ಪತ್ರೆಯಲ್ಲಿ ನೈಟ್ ಡ್ಯೂಟಿಯಲ್ಲಿದ್ದೆ. ವಿಮಾನ ಹತ್ತಿ ಬರುವಷ್ಟರಲ್ಲಿ ಮಣ್ಣಾಗಿತ್ತು. ತಂಗಿ ಫೋನ್ ಹಿಡಿದಿದ್ದಳು, ಬಟ್ಟೆ ಬದಲಿಸುವ ಕೋಣೆಯ ಬೆಂಚಿನ ಮೇಲೆ ಕೂತು ನಾನು ಭಜನೆ ಕೇಳಿದೆ. ಮಂಡಳಿಯವರು ಅಪ್ಪನ ಪೇಟಿಯನ್ನೇ ಬಾರಿಸುತ್ತಿದ್ದರು, ಅದರ ದನಿ ನನಗೆ ಗೊತ್ತಾಗದೆ ಇರುತ್ತದೆಯೇ? ಅದರ ನಡುವೆ ನಿನ್ನ ದನಿಗಾಗಿ ಕಿವಿಗೊಟ್ಟು ಕಾದೆ. ಬರಲಿಲ್ಲ. ಆವತ್ತು ಬರದದ್ದು ಸಹಜ. ಆದರೆ ಅದು ಆಮೇಲೂ ಬರಲಿಲ್ಲ.

ನಮ್ಮ ಕಡೆ ಹಾಡಿನ ಮನುಷ್ಯರನ್ನು ಹಾಡಿಯೇ ನೆನೆಯುತ್ತಾರೆ. ಸವಾಯಿ ಗಂಧರ್ವರು 1952ರಲ್ಲಿ ಹೋದವರು. ಅವರನ್ನು ಕಣ್ಣಿನಿಂದ ನೋಡದ ಮಂದಿಯೂ ಅವರ ಹೆಸರಿನಲ್ಲಿ ರಾತ್ರಿಯೆಲ್ಲ ಕೂತು ಕೇಳುತ್ತಾರೆ. ಈ ಲೆಸ್ಟರಿನಲ್ಲಿಯೂ, ತಬಲಾ ಕಲಿಸುತ್ತಿದ್ದ ಗುರ್ಮಿತ್ ಸಿಂಗ್ ವಿರ್ದಿ ಅವರ ನೆನಪಿಗೆ ಅವರ ಮಗ 2006ರಲ್ಲಿ ಒಂದು ಸಂಗೀತೋತ್ಸವ ಶುರು ಮಾಡಿದ. ಅದು ಈಗ ಲಂಡನ್ನಿನ ದೊಡ್ಡ ದೊಡ್ಡ ಸಭಾಗೃಹಗಳಲ್ಲಿ ನಡೆಯುತ್ತದೆ. ಆ ಕಥೆ ಕೇಳಿ ಅಪ್ಪ ನನ್ನ ತಲೆಯ ಮೇಲೆ ಕೈ ಇಟ್ಟು ಏನೂ ಅನ್ನದೆ ಕೂತಿದ್ದ. ನನಗೆ ಉತ್ಸವ ಮಾಡುವ ಶಕ್ತಿ ಇಲ್ಲ. ನಮ್ಮ ಪಡಸಾಲೆ ಇದೆ.

ಹೋದ ವರ್ಷ ಊರಿಗೆ ಬಂದಾಗ, ನೀವೆಲ್ಲ ಮಲಗಿದ ಮೇಲೆ, ಪೇಟಿಯ ಮುಚ್ಚಳ ತೆಗೆದು ನೋಡಿದ್ದೆ. ಬಾರಿಸಲಿಲ್ಲ, ಪಟ್ಟಿಗಳ ಮೇಲೆ ಕೈ ಆಡಿಸಿದೆ ಅಷ್ಟೆ. ಅಪ್ಪನ ಶ್ರುತಿ ಕರೀ ಒಂದು, ಅಂದರೆ ಮೊದಲನೇ ಕರೀ ಪಟ್ಟಿ. ಆ ಪಟ್ಟಿ ಇನ್ನೂ ಹೊಸದರ ಹಾಗೆ ಹೊಳೆಯುತ್ತಿದೆ. ನಿನ್ನದು ಕರೀ ಐದು. ಅದರ ಬಣ್ಣ ಪೂರ್ತಿ ಹೋಗಿ ಒಳಗಿನ ಕಟ್ಟಿಗೆ ಕಾಣುತ್ತದೆ, ಬೆರಳು ಕೂಡುವಷ್ಟು ತಗ್ಗು ಬಿದ್ದಿದೆ. ಮೂವತ್ತು ವರ್ಷ ಅವನು ಯಾರ ಶ್ರುತಿಯಲ್ಲಿ ಬಾರಿಸಿದ ಅಂತ ಕಣ್ಣು ವಾಸಿಯಾದ ಮೇಲೆ ನೀನೇ ನೋಡು. ಅದನ್ನು ಮಂಡಳಿಗೆ ಹೇಗೆ ಕೊಡುತ್ತೀ ಅವ್ವಾ?

ಅದಕ್ಕೆ ನನ್ನ ಬೇಡಿಕೆ ಇಷ್ಟು. ತಂಗಿಯ ಗಂಡನಿಗೆ ಹೇಳಿ ಪೇಟಿ ಕೆಳಗೆ ಇಳಿಸು. ಕೌದಿ ಬಿಚ್ಚಿ ಎರಡು ದಿನ ಗಾಳಿಗೆ ಇಡಲಿ, ಬಿಸಿಲಿಗೆ ಬೇಡ. ಈಗ ಮಳೆಗಾಲ, ತಿದಿಯ ಚರ್ಮಕ್ಕೆ ಬೂಷ್ಟು ಹಿಡಿದಿರಬಹುದು. ಇಲಿ ಕಡಿದಿದೆಯೋ ನೋಡಲಿ. ರಿಪೇರಿಗೆ ಎಷ್ಟೇ ಆಗಲಿ, ನಾನು ಕಳಿಸುತ್ತೇನೆ. ಅಮಾವಾಸ್ಯೆಯ ದಿನ ಸ್ವಾಮಿಗಳ ಪೂಜೆ ಆಗಲಿ, ಊಟ ಆಗಲಿ. ಹುಗ್ಗಿ ಮಾಡಿಸು, ಅವನಿಗೆ ತುಪ್ಪ ಹೆಚ್ಚು ಬೇಕಾಗುತ್ತಿತ್ತು. ಸಂಜೆ ಮಂಡಳಿಯವರನ್ನು ಕರೆದು ಅವರಲ್ಲೇ ಒಬ್ಬರು ಪೇಟಿ ಹಿಡಿಯಲಿ. ಶ್ರುತಿ ಕರೀ ಐದು ಅಂತ ಮೊದಲೇ ಹೇಳಿಬಿಡು. ಆ ವಚನ ನೀನು ಹೇಳು. ಪೂರ್ತಿ ಆಗದಿದ್ದರೆ ಒಂದು ಸಾಲು ಸಾಕು. ದನಿ ನಡುಗಿದರೆ ನಡುಗಲಿ.

ನನಗೆ ಆಗ ರಜೆ ಸಿಕ್ಕಿಲ್ಲ, ದಸರೆಗೆ ಬನ್ನಿ ಕೊಡುವ ಹೊತ್ತಿಗೆ ಬರುತ್ತೇನೆ. ಆದರೆ ಆ ದಿನ ಡ್ಯೂಟಿ ತಪ್ಪಿಸಿಕೊಂಡಿದ್ದೇನೆ. ನಿಮ್ಮ ಸಂಜೆ ಏಳು ಅಂದರೆ ಇಲ್ಲಿ ಮಧ್ಯಾಹ್ನ ಎರಡೂವರೆ. ತಂಗಿ ಫೋನನ್ನು ಪೇಟಿಯ ಪಕ್ಕ ಇಡಲಿ, ನಿನ್ನ ಮುಖದ ಮುಂದೆ ಹಿಡಿಯಬಾರದು ಅಂತ ಹೇಳು, ನಿನಗೆ ನಾಚಿಕೆ ಆಗುತ್ತದೆ. ನಾನು ಸಣ್ಣವಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೂತಿರುತ್ತೇನೆ. ಅವಳ ಬೆನ್ನಿನ ಮೇಲೆ ಮಾತ್ರೆ ಎಣಿಸುವುದನ್ನು ಆಗಲೇ ಶುರು ಮಾಡಿದ್ದೇನೆ, ಸಮ್ ಬರುವ ಮೊದಲೇ ಮೈ ಬಿಗಿ ಹಿಡಿದು ಕಾಯುತ್ತಾಳೆ.

ಕಾಗದ ಮುಟ್ಟಿದ ಕೂಡಲೇ ತಂಗಿಯ ಹತ್ತಿರ ಒಂದು ಮಾತು ಹೇಳಿ ಕಳಿಸು. ಪೇಟಿ ಇಳಿಸಿದೆ ಅಂತ.

ನಿನ್ನ,
ದೊಡ್ಡ ಮಗಳು